ಕಾರವಾರದಲ್ಲಿ ಕರಿ ಕೋಟು ಹೊಲಿಸುವವರಿಗೆ: ಮೊದಲು ಕೋರಾ ಬಟ್ಟೆಯಲ್ಲಿ ತೊಟ್ಟು ನೋಡಿ

ಸೀರೆಯ ಮೇಲೆ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುವ ಹೆಂಗಸರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾರವಾರದ ಗ್ರೀನ್ ಸ್ಟ್ರೀಟಿನಿಂದ ಒಳಗೆ ಹೊರಳುವ ಓಣಿಯೊಂದರಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಸಣ್ಣ ಹೊಲಿಗೆ ಅಂಗಡಿಯಿದೆ. ಕೋಟಿನ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅವರು ಅದೇ ಅಳತೆಯಲ್ಲಿ ಅಗ್ಗದ ಕೋರಾ ಬಟ್ಟೆಯ, ಎಂದರೆ ಬಣ್ಣ ಹಾಕದ ಹತ್ತಿ ಬಟ್ಟೆಯ, ಒಂದು ಕೋಟು ಹೊಲಿಯುತ್ತಾರೆ. ಅದನ್ನು ನಮಗೆ ತೊಡಿಸಿ, ಕೂರಿಸಿ, ಎಬ್ಬಿಸಿ, ಕೈ ಎತ್ತಿಸಿ ನೋಡುತ್ತಾರೆ. ಅಲ್ಲೇ ಗುಂಡುಪಿನ್ನು ಚುಚ್ಚಿ, ಬೇಕಾದಲ್ಲಿ ಸೀಳಿ, ತುಂಡು ಸೇರಿಸಿ ಸರಿಮಾಡುತ್ತಾರೆ. ಅದು ಮೈಗೆ ಒಪ್ಪಿದ ಮೇಲೆಯೇ ಕರಿ ಬಟ್ಟೆ ಮೇಜಿಗೆ ಬರುತ್ತದೆ. ಬೆಳಿಗ್ಗೆ ಹಾಕಿದರೆ ಸಂಜೆಯವರೆಗೆ ಮೈಮೇಲಿದೆಯೆಂಬುದೇ ನೆನಪಾಗದ ಕೋಟು ನನಗೆ ಸಿಕ್ಕಿದ್ದು ಇವರ ಕೈಯಿಂದ.

ಅಂಗಡಿಗೆ ಬೋರ್ಡಿಲ್ಲ. ಹೆಸರು ಹಾಕಬೇಡಿ ಎಂದೂ ಹೇಳಿದ್ದಾರೆ, ಕೈಯಲ್ಲಿರುವ ಕೆಲಸವೇ ಮುಗಿಯುವುದಿಲ್ಲವಂತೆ. ಕೋರ್ಟಿನ ಆವರಣದಲ್ಲಿ ಯಾವ ವಕೀಲೆಯನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ನಮ್ಮ ಕೋಟಿನ ಕಷ್ಟ ಗಂಡಸರಿಗೆ ಹೇಳಿದರೆ ಅರ್ಥವಾಗುವುದು ಕಡಿಮೆ. ಹೆಂಗಸರು ವಕೀಲಿ ಮಾಡಬಹುದು ಎಂಬ ಕಾಯ್ದೆ ಈ ದೇಶದಲ್ಲಿ ಬಂದದ್ದು 1923ರಲ್ಲಿ. ಕೋಟಿನ ನಕ್ಷೆ ಅದಕ್ಕಿಂತ ಬಹಳ ಹಳೆಯದು, ಗಂಡಸಿನ ಅಂಗಿ ಪ್ಯಾಂಟಿನ ಮೇಲೆ ಕೂರಲೆಂದು ಹುಟ್ಟಿದ್ದು. ಇವತ್ತಿಗೂ ಎಷ್ಟೋ ಕಡೆ ಹೆಂಗಸರ ಕೋಟೆಂದರೆ ಅದೇ ನಕ್ಷೆಯನ್ನು ಎರಡು ಸೈಜ್ ಇಳಿಸಿ, ಸೊಂಟದಲ್ಲಿ ಸ್ವಲ್ಪ ಒಳಗೆ ಹಿಡಿದದ್ದು, ಅಷ್ಟೆ. ಆದರೆ ಸೀರೆ ಉಟ್ಟವಳ ಎಡ ಹೆಗಲ ಮೇಲೆ ಮಡಿಸಿ ಪಿನ್ನು ಹಾಕಿದ ಸೆರಗಿನ ನೆರಿಗೆಗಳಿರುತ್ತವೆ. ಬಲ ಹೆಗಲ ಮೇಲೆ ರವಿಕೆ ಬಿಟ್ಟರೆ ಬೇರೇನೂ ಇಲ್ಲ. ಹೊಟ್ಟೆಯ ಮುಂದೆ ಸಿಕ್ಕಿಸಿದ ನೆರಿಗೆಯ ಗಂಟು, ಸರಿಯಾಗಿ ಕೋಟಿನ ಗುಂಡಿ ಬರುವ ಜಾಗದಲ್ಲೇ. ಬೆನ್ನ ಮೇಲೆ ಇಳಿಬಿದ್ದ ಸೆರಗು ಬೇರೆ. ಟೇಪು ಸುತ್ತಿ ಎದೆ ಇಷ್ಟು, ಸೊಂಟ ಇಷ್ಟು ಎಂದು ಬರೆದುಕೊಂಡರೆ ಇದ್ಯಾವುದೂ ಆ ಲೆಕ್ಕದೊಳಗೆ ಬರುವುದಿಲ್ಲ.

ಇನ್ನೊಂದು ಸಂಗತಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಕೋಟು ಹೊಲಿಯುವವರು ಹೆಚ್ಚಾಗಿ ಗಂಡಸರು. ಹೆಂಗಸರ ಅಳತೆ ತೆಗೆಯುವಾಗ ಅವರಿಗೂ ಮುಜುಗರ, ನಮಗೂ ಮುಜುಗರ. ಟೇಪನ್ನು ದೂರದಿಂದ ಹಿಡಿದು, ಅಂದಾಜಿಗೆ ಎರಡಿಂಚು ಜಾಸ್ತಿ ಬರೆದುಕೊಂಡು ಬಿಡುತ್ತಾರೆ. ನಾನು ಮೊದಲು ಹೊಲಿಸಿದ ಕೋಟು, ಬೇರೆ ಊರಿನ ಅಂಗಡಿಯದ್ದು, ಹಾಗೆಯೇ ಆಗಿತ್ತು. ಎದೆಯ ಹತ್ತಿರ ಚೀಲ, ಬಗಲಲ್ಲಿ ಬಿಗಿತ. ಕಪಾಟಿನ ಮೇಲಿನ ಹಲಗೆಯಿಂದ ಫೈಲು ತೆಗೆಯಲು ಕೈ ಎತ್ತಿದರೆ ಇಡೀ ಕೋಟು ಕಿವಿಯವರೆಗೆ ಏರುತ್ತಿತ್ತು. ಈ ಅಂಗಡಿಯಲ್ಲಿ ಅಳತೆ ತೆಗೆಯುವುದು, ತೊಡಿಸಿ ನೋಡುವುದು, ಪಿನ್ನು ಹಾಕುವುದು ಎಲ್ಲ ಹೆಂಡತಿಯ ಕೆಲಸ. ಕತ್ತರಿಸುವುದು, ಕಾಲರು ಕೂರಿಸುವುದು ಗಂಡನದ್ದು. ಆ ಅಕ್ಕನ ಕೈಯಲ್ಲಿ ಟೇಪು ಮೈಗೆ ತಾಗಿಯೇ ಹೋಗುತ್ತದೆ. ನನ್ನ ಮಟ್ಟಿಗೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಫೋನು ಮಾಡಿದಾಗಲೇ ಹೇಳಿಬಿಡುತ್ತಾರೆ: "ಬಾಯಿ, ಕೋರ್ಟಿಗೆ ಹ್ಯಾಂಗೆ ಉಟ್ಟು ಹೋಗ್ತೀರೋ ಹಾಂಗೇ ಉಟ್ಟು ಬನ್ನಿ. ಚಪ್ಪಲಿನೂ ಅದೇ ಇರಲಿ." ಚೂಡಿದಾರದಲ್ಲಿ ಹೋದರೆ ಅಳತೆ ತೆಗೆಯುವುದಿಲ್ಲ. ಎರಡೂ ಹೆಗಲನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಕತ್ತಿನ ಹಿಂದಿನ ಉಬ್ಬಿದ ಎಲುಬಿನಿಂದ ಸೊಂಟಕ್ಕೆ ಒಂದು ಅಳತೆ, ಹೆಗಲಿನಿಂದ ಎದೆಯ ಮೇಲೆ ಹಾದು ಸೊಂಟಕ್ಕೆ ಇನ್ನೊಂದು. ಮುಂದಿನ ಉದ್ದಕ್ಕೂ ಹಿಂದಿನ ಉದ್ದಕ್ಕೂ ಇರುವ ವ್ಯತ್ಯಾಸವೇ ಹೆಂಗಸಿನ ಕೋಟಿನ ಜೀವಾಳ ಎನ್ನುತ್ತಾರೆ ಅವರು. ತೋಳಿನ ಉದ್ದವನ್ನು ಮೊಣಕೈ ಮಡಿಸಿದ ಸ್ಥಿತಿಯಲ್ಲಿ ತೆಗೆಯುತ್ತಾರೆ. ಬರೆಯುವಾಗ, ವಾದ ಮಾಡುವಾಗ ನಮ್ಮ ಕೈ ನೇರವಾಗಿ ಇಳಿಬಿದ್ದಿರುವುದಿಲ್ಲವಲ್ಲ.

ಕೋರಾ ಕೋಟಿಗೆ ಸಾಧಾರಣ ದಪ್ಪದ, ಬಣ್ಣ ಹಾಕದ ಹತ್ತಿ ಬಟ್ಟೆ ಸಾಕು, ಮೂರು ಮೀಟರಿನ ಆಸುಪಾಸು. ತೀರ ತೆಳುವಾದರೆ ಕೋಟಿನ ಬಟ್ಟೆಯಂತೆ ನಿಲ್ಲುವುದಿಲ್ಲ, ತೀರ ದಪ್ಪವಾದರೆ ಇಲ್ಲದ ಬಿಗಿತ ತೋರಿಸುತ್ತದೆ. ಅದನ್ನು ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಯೇ ಕತ್ತರಿಸುತ್ತಾರೆ, ಇಲ್ಲದಿದ್ದರೆ ಇಸ್ತ್ರಿಯ ಹಬೆ ತಾಗಿದಾಗ ಕುಗ್ಗಿ ಅಳತೆ ತಪ್ಪುತ್ತದೆ. ಹೊಲಿಗೆ ಉದ್ದುದ್ದ, ಒಂದೊಂದು ಟಾಕಿಯೂ ಸುಮಾರು 4 ಮಿಲಿಮೀಟರು, ಎಳೆದರೆ ಬಿಚ್ಚುವಂತೆ. ಅಸ್ತರಿಲ್ಲ, ಜೇಬಿಲ್ಲ. ಹೆಗಲು ಮತ್ತು ಪಕ್ಕದ ಹೊಲಿಗೆಗಳಲ್ಲಿ ಒಂದೊಂದು ಇಂಚು ಬಟ್ಟೆ ಒಳಗೆ ಬಿಟ್ಟಿರುತ್ತಾರೆ. ಹೊರಮೈ ಮೇಲೆ ಪೆನ್ಸಿಲಿನಿಂದ ಗೆರೆಗಳು: ಮುಂದೆ ನಟ್ಟನಡುವೆ ಒಂದು, ಬೆನ್ನಿನ ನಡುವೆ ಒಂದು, ಎದೆಯ ಮಟ್ಟಕ್ಕೆ, ಸೊಂಟದ ಮಟ್ಟಕ್ಕೆ, ಅದರ ಕೆಳಗೆ ಇನ್ನೊಂದು. ಈ ಅಡ್ಡಗೆರೆಗಳೆಲ್ಲ ನೆಲಕ್ಕೆ ಸಮನಾಗಿ ನಿಲ್ಲಬೇಕು, ನೆಟ್ಟನೆಯ ಗೆರೆಗಳು ಲಂಬವಾಗಿ ಇಳಿಯಬೇಕು. ಗೆರೆ ಎಲ್ಲಿ ಓರೆಯಾಯಿತೋ ಅಲ್ಲಿ ಬಟ್ಟೆ ಸಾಲದು, ಇಲ್ಲವೇ ಹೆಚ್ಚಾಗಿದೆ.

ಕೋರಾ ಬಟ್ಟೆಯ ಇನ್ನೊಂದು ದೊಡ್ಡ ಗುಣ ಅದರ ಬಿಳುಪು. ಕರಿ ಬಟ್ಟೆಯ ಮೇಲೆ ಸುಕ್ಕು ಕಾಣುವುದಿಲ್ಲ, ಅದರಲ್ಲೂ ಸಂಜೆ ಕೋರ್ಟು ಮುಗಿಸಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಿಂತಾಗ. ಕೋರಾ ಮೇಲೆ ಪ್ರತಿಯೊಂದು ಎಳೆತವೂ ಎದ್ದು ಕಾಣುತ್ತದೆ.

(ಕಾರವಾರಕ್ಕೂ ಹತ್ತಿ ಬಟ್ಟೆಗೂ ಹಳೆಯ ನಂಟಿದೆ. ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿ ಇಲ್ಲಿ ವ್ಯಾಪಾರದ ಕೋಠಿ ತೆರೆದ ಮೇಲೆ, ಘಟ್ಟದ ಮೇಲೆ ಹುಬ್ಬಳ್ಳಿ ಕಡೆಯ ನೇಕಾರರು ನೆಯ್ದ ನವಿರು ಮಸ್ಲಿನ್ ಈ ಬಂದರಿನಿಂದಲೇ ಹಡಗು ಹತ್ತುತ್ತಿತ್ತು. ಅಂಥ ಊರಿನಲ್ಲಿ ಕೋರಾ ಬಟ್ಟೆಯನ್ನು ಇಷ್ಟು ಮರ್ಯಾದೆಯಿಂದ ಬಳಸುವವರನ್ನು ಕಂಡು ನನಗೆ ಖುಷಿಯಾಯಿತು.)

ನನ್ನ ಕೋರಾ ಕೋಟು ಏನೇನು ಹೇಳಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಬೇರೆ ಕಡೆ ಹೊಲಿಸುವವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಕಂಡದ್ದು ಎದೆಯ ಗೆರೆ. ಬೆನ್ನಲ್ಲಿ ನೆಟ್ಟಗಿದ್ದದ್ದು ಮುಂದೆ ಬರುವಷ್ಟರಲ್ಲಿ ಮೇಲಕ್ಕೆ ಏರಿತ್ತು. ಕೆಳಗೆ ಕೋಟಿನ ಅಂಚು ಮುಂದೆ ಗಿಡ್ಡವಾಗಿ, ಎರಡು ಕಡೆಗೂ ಬಾಯಿ ತೆರೆದುಕೊಂಡಿತ್ತು. ಸುತ್ತಳತೆ ಸರಿಯಿದೆ, ಮುಂದಿನ ಉದ್ದ ಸಾಲದು ಎಂದು ಅರ್ಥ. ಬೇರೆಯವರಾಗಿದ್ದರೆ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದರು, ಆ ಚೀಲ ಹುಟ್ಟುವುದೇ ಹಾಗೆ. ಅಕ್ಕ ಹಾಗೆ ಮಾಡಲಿಲ್ಲ. ಕತ್ತರಿ ತೆಗೆದುಕೊಂಡು ನನ್ನ ಮೈಮೇಲಿದ್ದ ಕೋಟನ್ನೇ ಎದೆಯ ಗೆರೆಗುಂಟ ಅಡ್ಡಕ್ಕೆ ಸೀಳಿದರು. ಸೀಳು ತಾನಾಗಿ ಬಾಯಿಬಿಟ್ಟಿತು. ಅಲ್ಲೊಂದು ಕೋರಾ ಪಟ್ಟಿ ಇಟ್ಟು ಪಿನ್ನು ಹಾಕಿದರು. ಗೆರೆ ಕೆಳಗಿಳಿಯಿತು, ಅಂಚು ಸಮವಾಯಿತು, ಮುಂದಿನ ಎರಡು ಭಾಗಗಳೂ ತಾವಾಗಿ ಹತ್ತಿರ ಬಂದವು. ಮೀಟರಿಗೆ ಸಾವಿರ ಕೊಟ್ಟು ತಂದ ಬಟ್ಟೆಯನ್ನು ಹೀಗೆ ಸೀಳುವ ಧೈರ್ಯ ಯಾರಿಗಿದ್ದೀತು? ಕೋರಾ ಕೋಟಿಗೆ ದುಡ್ಡು ಕೊಡುವುದು ಈ ಸೀಳಿಗಾಗಿ.

ಎರಡನೆಯದು ಹೆಗಲು. ನನ್ನ ಬಲ ಹೆಗಲು ಎಡಕ್ಕಿಂತ ಕಾಲಿಂಚು ತಗ್ಗು. ಅದರ ಮೇಲೆ ಎಡಕ್ಕೆ ಸೆರಗಿನ ದಪ್ಪ. ಬಲಗಡೆ ಹೆಗಲ ತುದಿಯಿಂದ ಎದೆಯ ಕಡೆಗೆ ಓರೆಯಾಗಿ ಸುಕ್ಕು ಇಳಿದಿತ್ತು. ಎಡಗಡೆ ಕಾಲರು ಕತ್ತಿನಿಂದ ದೂರ ನಿಂತಿತ್ತು. ಎಡ ಹೆಗಲ ಹೊಲಿಗೆ ಬಿಚ್ಚಿ ಸೆರಗಿಗೆ ಜಾಗ ಕೊಟ್ಟರು. ಬಲಕ್ಕೆ ದಪ್ಪನೆಯ ಹೆಗಲ ಪ್ಯಾಡು, ಎಡಕ್ಕೆ ಹತ್ತಿಯ ತೆಳ್ಳನೆಯ ಪದರ ಮಾತ್ರ. ಎರಡು ಹೆಗಲಿಗೆ ಎರಡು ಪ್ಯಾಡು ಎಂದಾಗ ನಾನು ಹಿಂಜರಿದೆ. ಕನ್ನಡಿಯಲ್ಲಿ ನೋಡಿದರೆ ಎರಡೂ ಹೆಗಲು ಒಂದೇ ಮಟ್ಟ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದಾಗ ಕೋಟಿನ ಮೇಲೆ ಗೌನು ಕಡ್ಡಾಯ. ಹಳೆಯ ಕೋಟಿನ ಮೇಲೆ ಗೌನು ಯಾವಾಗಲೂ ಬಲಕ್ಕೆ ಜಾರುತ್ತಿತ್ತು, ಈಗ ಜಾರುವುದಿಲ್ಲ.

ಸೆರಗಿನ ಮಾತು ಬಂದದ್ದರಿಂದ ಹೇಳುತ್ತೇನೆ. 1880ರ ದಶಕದ ಆರಂಭದಲ್ಲಿ ಕಾರವಾರದ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಟಾಗೋರ್. ಅವರ ತಮ್ಮ ರವೀಂದ್ರನಾಥರು ಅಣ್ಣನ ಬಳಿ ಬಂದು ಉಳಿದದ್ದರಿಂದಲೇ ನಮ್ಮ ಕಡಲತೀರಕ್ಕೆ ಟಾಗೋರರ ಹೆಸರು, ಅದು ಎಲ್ಲರಿಗೂ ಗೊತ್ತು. ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿಯನ್ನು ನೆನೆಯುವವರು ಕಡಿಮೆ. ರವಿಕೆ, ಒಳಲಂಗ ತೊಟ್ಟು ಸೆರಗನ್ನು ಎಡ ಹೆಗಲಿಗೆ ಹಾಕಿ ಸೀರೆ ಉಡುವ ರೀತಿಯನ್ನು ಬಂಗಾಳದ ಹೆಂಗಸರಲ್ಲಿ ಬಳಕೆಗೆ ತಂದವರು ಅವರು. ಹೆಂಗಸರು ಮನೆಯಿಂದ ಹೊರಗೆ ಬಂದು ನಾಲ್ಕು ಜನರ ನಡುವೆ ಓಡಾಡಲು ಅನುಕೂಲವಾಗಲೆಂದು ಉಡುಪನ್ನೇ ಬದಲಿಸಿದ ಹೆಣ್ಣುಮಗಳು ಈ ಊರಿನ ನ್ಯಾಯಾಧೀಶರ ಮಡದಿ. ನಾನು ಎಡ ಹೆಗಲ ಪಿನ್ನು ಸರಿಪಡಿಸಿಕೊಳ್ಳುವಾಗ ಆಕೆಯನ್ನು ನೆನೆಯುವುದುಂಟು.

ಮೂರನೆಯದು ಬಗಲು, ಎಂದರೆ ಕೋಟಿಗೆ ತೋಳು ಸೇರುವ ಸುತ್ತು. ಇಲ್ಲಿ ನಾನು ಕಲಿತದ್ದು ಹೆಚ್ಚು. ಕೈ ಎತ್ತಿದಾಗ ಕೋಟು ಏರಿದರೆ ಬಗಲ ಸುತ್ತು ಸಣ್ಣದಾಯಿತು, ಇನ್ನೂ ಕೆಳಗೆ ಕೊರೆಯಿರಿ ಎನ್ನುತ್ತೇವೆ ನಾವೆಲ್ಲ. ಆಗಬೇಕಾದದ್ದು ಅದರ ತದ್ವಿರುದ್ಧ. ಬಗಲು ಕೆಳಗಿಳಿದಷ್ಟೂ ತೋಳು ಕೋಟಿನ ಪಕ್ಕಕ್ಕೆ ಕೆಳಗಡೆ ಅಂಟಿಕೊಂಡಿರುತ್ತದೆ, ಕೈ ಎತ್ತಿದರೆ ಆ ಪಕ್ಕವನ್ನೇ ಎಳೆದುಕೊಂಡು ಏರುತ್ತದೆ. ಬಗಲು ಮೈಗೆ ಹತ್ತಿರ, ಮೇಲಿದ್ದರೆ ತೋಳು ಮಾತ್ರ ಏರುತ್ತದೆ, ಕೋಟು ಇದ್ದಲ್ಲೇ ಇರುತ್ತದೆ. ಅಕ್ಕ ಕಂಕುಳ ಕೆಳಗೆ ಮುಕ್ಕಾಲು ಇಂಚಿನ ಕೋರಾ ತುಂಡು ತುಂಬಿದರು, ತೋಳಿನ ಮೇಲ್ಭಾಗವನ್ನು ಸ್ವಲ್ಪ ಅಗಲ ಮಾಡಿದರು. "ಈಗ ಕೈ ಎತ್ತಿ ನೋಡಿ ಬಾಯಿ." ಎತ್ತಿದೆ. ಕೆಳಗಿನ ಅಂಚು ಒಂದಿಷ್ಟೇ ಅಲುಗಿತು. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮೊಳೆಯವರೆಗೂ ಕೈ ಹೋಯಿತು.

ಬಗಲು ಮೇಲೆ ಬಂದರೆ ಬೆವರಿನ ಸಮಸ್ಯೆ, ಈ ಕರಾವಳಿಯಲ್ಲಿ ಅದು ಸಣ್ಣ ಮಾತಲ್ಲ. ಅದಕ್ಕೆ ಹತ್ತಿ ಬಟ್ಟೆಯ ಅರ್ಧಚಂದ್ರದ ಪ್ಯಾಡು ಮಾಡಿ, ಟಿಚ್ ಬಟನ್ನಿನಿಂದ ಒಳಗೆ ಕೂರಿಸಿ ಕೊಟ್ಟಿದ್ದಾರೆ. ದಿನವೂ ತೆಗೆದು ತೊಳೆದು ಹಾಕಬಹುದು. ಎರಡು ಜೊತೆ ಕೇಳಿ ಪಡೆಯಿರಿ.

ಆಮೇಲೆ ಸ್ಟೂಲಿನ ಮೇಲೆ ಕೂರಿಸಿದರು. ಗುಂಡಿಯ ಜಾಗದಲ್ಲಿ ಪಿನ್ನು ಹಾಕಿ ಕೂತಾಗ ಹೊಟ್ಟೆಯ ಮೇಲೆ ನಾಲ್ಕೂ ಕಡೆಗೆ ಎಳೆಯುವ ಸುಕ್ಕು ಬಿತ್ತು. ಗುಂಡಿ ಸೀರೆಯ ನೆರಿಗೆಗಂಟಿನ ಮೇಲೆಯೇ ಬರುತ್ತಿತ್ತು. ಅದನ್ನು ಒಂದೂವರೆ ಇಂಚು ಮೇಲಕ್ಕೆ ತಂದರು, ಬೆನ್ನ ಕೆಳಗೆ ಸೀಳು ಬಿಟ್ಟರು. ಬಿಳಿ ಬ್ಯಾಂಡು ತಂದಿದ್ದೀರಾ ಎಂದು ಕೇಳಿ, ಅದನ್ನೂ ಕತ್ತಿಗೆ ಕಟ್ಟಿಸಿ, ಕೋಟಿನ ಮುಂಗತ್ತು ಎಷ್ಟು ತೆರೆದಿರಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. ಇಷ್ಟು ಕೇಳಿದ ದರ್ಜಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ತಿದ್ದಿದ ಕೋರಾ ಕೋಟನ್ನು ಮತ್ತೆ ಹೊಲಿದು ಇನ್ನೊಮ್ಮೆ ತೊಡಿಸುತ್ತಾರೆ. ಸರಿಯಾದರೆ ಎಲ್ಲ ಹೊಲಿಗೆ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ, ಖಾಕಿ ಕಾಗದದ ಮೇಲೆ ಹಾಸಿ ಗೆರೆ ಎಳೆದು ಕತ್ತರಿಸುತ್ತಾರೆ. ಆ ಕಾಗದ ನಿಮ್ಮ ಹೆಸರಿನಲ್ಲಿ ಅಂಗಡಿಯಲ್ಲೇ ಇರುತ್ತದೆ. ಮುಂದಿನ ಕೋಟಿಗೆ ಮತ್ತೆ ಕೋರಾ ಹೊಲಿಯಬೇಕಿಲ್ಲ, ಮೈ ತೀರಾ ಬದಲಾಗಿರದಿದ್ದರೆ.

ಕೋರಾ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಅವರೇ ತಿಳಿಸಿದರು. ತೋಳಿನ ತುದಿ ಹೆಗಲಿಗೆ ಸೇರುವಲ್ಲಿ ನನ್ನ ಕೋರಾ ಕೋಟು ಸಣ್ಣ ಸಣ್ಣ ನಿರಿಗೆಯಾಗಿ ಉಬ್ಬಿತ್ತು. ಅದು ಕೆಟ್ಟ ಹೊಲಿಗೆಯಿಂದ ಆದದ್ದಲ್ಲ. ಉಣ್ಣೆ ಬೆರೆತ ಬಟ್ಟೆ ಹಬೆ ಇಸ್ತ್ರಿಗೆ ಕುಗ್ಗಿ ಗುಂಡಗೆ ಕೂರುತ್ತದೆ, ಹತ್ತಿ ಹಾಗೆ ಬಗ್ಗುವುದಿಲ್ಲ. ಅದಕ್ಕಾಗಿ ಕರಿ ಬಟ್ಟೆ ಕತ್ತರಿಸಿದ ಮೇಲೂ ಒಮ್ಮೆ ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ತೊಡಿಸಿ ನೋಡುತ್ತಾರೆ. ಈ ಎರಡನೇ ಟ್ರಯಲ್ಲು ಒಳ್ಳೆಯ ದರ್ಜಿಗಳು ಬಹಳ ಕಡೆ ಮಾಡುತ್ತಾರೆ, ಆದರೆ ಅಷ್ಟರಲ್ಲಿ ಬಟ್ಟೆ ಕತ್ತರಿಸಿ ಆಗಿರುತ್ತದೆ, ಒಳಗೆ ಬಿಟ್ಟಿರುವ ಮಾರ್ಜಿನ್ನಿನಷ್ಟೇ ತಿದ್ದಬಹುದು. ಬಗಲನ್ನು ಮೇಲಕ್ಕೆ ತರುವುದಂತೂ ಆಗ ಸಾಧ್ಯವೇ ಇಲ್ಲ. ಕತ್ತರಿಸಿ ತೆಗೆದ ಬಟ್ಟೆ ವಾಪಸು ಬರುವುದಿಲ್ಲವಲ್ಲ.

ಬಟ್ಟೆಯ ವಿಷಯ ಬೇಗ ಹೇಳುತ್ತೇನೆ. ಬಟ್ಟೆ ನಾವೇ ಒಯ್ಯಬೇಕು. 58 ಇಂಚು ಅಗಲದ್ದಾದರೆ ಎರಡು ಮೀಟರಿನೊಳಗೆ ಆಗುತ್ತದೆ. ಪೂರ್ತಿ ಪಾಲಿಯೆಸ್ಟರ್ ಬೇಡ, ಪಾಲಿಯೆಸ್ಟರಿಗೆ ಉಣ್ಣೆ ಬೆರೆತ ತೆಳುವಾದ ಟೆರಿವೂಲ್ ತನ್ನಿ. ಬಾರ್ ಕೌನ್ಸಿಲ್ ನಿಯಮದಂತೆ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು ಉಳಿದ ಕಡೆ ಕರಿ ಕೋಟು ಕಡ್ಡಾಯವಲ್ಲ. ಆದರೆ ಕಾರವಾರದ ಸೆಕೆ ಬೇಸಿಗೆಗಷ್ಟೇ ಸೀಮಿತವಲ್ಲ, ಮಳೆ ನಿಂತ ಅಕ್ಟೋಬರಿನಲ್ಲಿ ಬೆವರು ಇನ್ನೂ ಹೆಚ್ಚು. ಅಸ್ತರು ಅರ್ಧ ಸಾಕು: ಮುಂಭಾಗಕ್ಕೆ, ಬೆನ್ನಿನ ಮೇಲರ್ಧಕ್ಕೆ, ತೋಳಿಗೆ. ತೋಳಿನ ಅಸ್ತರು ಬಿಡಬೇಡಿ, ಇಲ್ಲದಿದ್ದರೆ ಬೆವರಿದ ಕೈಗೆ ಬಟ್ಟೆ ಹಿಡಿದುಕೊಂಡು ಕೋಟು ಹಾಕುವುದೇ ಕಷ್ಟ. ಮುಂಭಾಗ ಗಟ್ಟಿಯಾಗಿ ನಿಲ್ಲಲು ಒಳಗೆ ಇಸ್ತ್ರಿಯಿಂದ ಅಂಟಿಸುವ ಬಕ್ರಂ ಬದಲು ಕೈಯಲ್ಲಿ ಟಾಕಿ ಹಾಕಿದ ಕ್ಯಾನ್ವಾಸು ಕೇಳಿ. ಅಂಟಿಸಿದ್ದು ಬಳಸುತ್ತಾ ಬಿಟ್ಟುಕೊಂಡರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಮಳೆಗಾಲದಲ್ಲಿ ಕೋಟನ್ನು ಕಪಾಟಿನಲ್ಲಿ ಮುಚ್ಚಿಡಬೇಡಿ, ಬೂಸಲು ಬರುತ್ತದೆ.

ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಟ್ರಯಲ್ಲಿಗೆ ಬೇರೆ ಕೋಣೆಯಿಲ್ಲ, ಒಂದು ಪರದೆ ಅಷ್ಟೆ. ಕನ್ನಡಿ ಒಂದೇ, ಬೆನ್ನು ಕಾಣುವುದಿಲ್ಲ. ಬೆನ್ನಲ್ಲಿ ಏನಾಗಿದೆಯೆಂದು ಅಕ್ಕ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದರು, ಆದರೂ ಎದುರಿಗೆ ಹಿಂದೆ ಎರಡು ಕನ್ನಡಿ ಇಡಲೇಬೇಕು, ಇಷ್ಟು ಸೂಕ್ಷ್ಮ ಕೆಲಸ ಮಾಡುವವರಿಗೆ ಅದು ಹೆಚ್ಚಿನ ಖರ್ಚಲ್ಲ. ಕಾಜಾ, ಎಂದರೆ ಗುಂಡಿ ತೂರಿಸುವ ಕಂಡಿ, ಹೊರಗೆ ಕೊಟ್ಟು ಮೆಷಿನ್ನಿನಲ್ಲಿ ಹಾಕಿಸುತ್ತಾರೆ. ಇಡೀ ಕೋಟಿನಲ್ಲಿ ನನಗೆ ಕಣ್ಣಿಗೆ ಚುಚ್ಚುವುದು ಅದೊಂದೇ, ದಾರ ಆಗಲೇ ಎದ್ದಿದೆ. ಕೈಕಾಜಾ ಬೇಕೆಂದರೆ ಮೊದಲೇ ಹೇಳಿ, ಒಪ್ಪುತ್ತಾರೋ ನೋಡಿ. ಒಳಜೇಬು ಕೇಳದಿದ್ದರೆ ಇಡುವುದಿಲ್ಲ. ಹೆಂಗಸರ ಕೋಟಿಗೆ ಜೇಬು ಯಾಕೆ ಎಂಬ ಭಾವನೆ ಇಲ್ಲೂ ಪೂರ್ತಿ ಹೋಗಿಲ್ಲ. ಪೆನ್ನು, ಫೋನು, ಬಸ್ಸಿನ ಚಿಲ್ಲರೆ ನಮಗೂ ಇರುತ್ತದೆ. ನಾನು ಪಟ್ಟುಹಿಡಿದು ಎರಡು ಹಾಕಿಸಿಕೊಂಡೆ.

ದರ: ಕೋಟಿನ ಮಜೂರಿ 3,200 ರೂಪಾಯಿ, ಅಸ್ತರು ಕ್ಯಾನ್ವಾಸು ಸೇರಿ. ಕೋರಾ ಕೋಟಿಗೆ ಬಟ್ಟೆ ಸಮೇತ 600 ಬೇರೆ. ಈ 600 ಉಳಿಸೋಣವೆಂದು ಕೇಳುವವರು ಇದ್ದಾರಂತೆ, ಬಿಡಬೇಡಿ. ನಾನು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ ಭಾಗ. ಮೊನ್ನೆ ಈ ಕೋಟಿನಲ್ಲೇ ಅರಬೈಲು ಘಟ್ಟ ಹತ್ತಿ ಧಾರವಾಡಕ್ಕೆ ಹೋಗಿ, ಗೌನು ಹಾಕಿ ಮಧ್ಯಾಹ್ನದವರೆಗೆ ಸರದಿ ಕಾದು, ವಾದ ಮುಗಿಸಿ ಅದೇ ದಿನ ವಾಪಸು ಬಂದೆ. ಹೆಗಲು ನೋಯಲಿಲ್ಲ.

ಮೇ ತಿಂಗಳಿಂದ ಜೂನ್ ಕೊನೆಯವರೆಗೆ ಶಾಲಾ ಸಮವಸ್ತ್ರದ ಕೆಲಸ, ಆಗ ಕೋಟು ಹಿಡಿಯುವುದಿಲ್ಲ. ಉಳಿದ ಸಮಯದಲ್ಲೂ ಒಂದು ತಿಂಗಳು ಮುಂಚೆ ಹೋಗಿ. ಮಳೆಗಾಲವಾದರೆ ಇನ್ನೂ ಸ್ವಲ್ಪ ಮುಂಚೆ, ನೆನೆಸಿದ ಕೋರಾ ಒಣಗುವುದೇ ತಡ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತಾರೆ. ಸೀರೆ, ಚಪ್ಪಲಿ, ಬ್ಯಾಂಡು ಕೋರ್ಟಿನದ್ದೇ ಇರಲಿ, ಗೌನು ಇದ್ದರೆ ಅದನ್ನೂ ಒಯ್ಯಿರಿ.